ಎದೆ ಡವಡವ ಎಂದರೆ ದೇವರು ಬೇಡ ಎಂದಂತೆಯೇ?

ಪ್ರಶ್ನೆ: ನನಗೆ 38 ವರ್ಷ. ಅಣ್ಣನೊಂದಿಗೆ ಎರಡು ವರ್ಷಗಳಿಂದ ಮಾತಿಲ್ಲ. ನನ್ನಿಂದ ಪಡೆದ ಸಾಲವನ್ನು ಅವನು ಹಿಂತಿರುಗಿಸಲಿಲ್ಲ. ಕೇಳಿದ್ದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಅಮ್ಮನನ್ನು ಮಣ್ಣು ಮಾಡಿದ ದಿನವೇ ನಾಲ್ಕು ಜನರ ಮುಂದೆ ನನ್ನನ್ನು ಹಣದಾಸೆಯವಳು ಎಂದು ಜರೆದ. ಕಳೆದ ತಿಂಗಳು ‘ಒಮ್ಮೆ ಭೇಟಿಯಾಗೋಣವೇ?’ ಎಂದು ಅವನಿಂದ ಸಂದೇಶ ಬಂದಿದೆ. ಸಂಜೆ ಉತ್ತರ ಬರೆಯಲು ಕುಳಿತರೆ ಎದೆ ಡವಡವ ಎನ್ನುತ್ತದೆ. ‘ಅಣ್ಣಾ, ಹೇಗಿದ್ದೀಯ?’ ಎಂದು ಏಳೆಂಟು ಬಾರಿ ಟೈಪ್ ಮಾಡಿ ಅಳಿಸಿದ್ದೇನೆ. ಬೇಡ ಎಂದು ಮೊಬೈಲ್ ಕೆಳಗಿಟ್ಟ ಕೂಡಲೇ ಮನಸ್ಸು ಹಗುರಾಗುತ್ತದೆ. ಆದರೂ ನಸುಕಿನಲ್ಲಿ ಎಚ್ಚರವಾಗಿ ಮತ್ತೆ ಅದೇ ಯೋಚನೆ. ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು, ‘ದೇವರ ಸಮಾಧಾನವೇ ನಿನ್ನನ್ನು ನಡೆಸಲಿ, ಸಮಾಧಾನವಿಲ್ಲದ ಕಡೆ ಹೆಜ್ಜೆ ಇಡಬೇಡ’ ಎಂದರು. ಹಾಗಾದರೆ ದೇವರೇ ಬೇಡ ಎನ್ನುತ್ತಿದ್ದಾನೆಯೇ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ಹಿರಿಯರು ಹೇಳಿದ ಮಾತಿಗೆ ಬೈಬಲ್ ವಾಕ್ಯದ ಆಧಾರವಿದೆ. ಆದರೆ ಅವರು ಆ ವಾಕ್ಯವನ್ನು ಅದರ ಮನೆಯಿಂದ ಹೊರಗೆ ತಂದು ನಿಮ್ಮ ಕೈಗೆ ಕೊಟ್ಟಿದ್ದಾರೆ. ಮೊದಲು ಅದನ್ನು ಮನೆಗೆ ಮುಟ್ಟಿಸೋಣ.

ಕ್ರಿಸ್ತನ ಸಮಾಧಾನವು ಹೃದಯಗಳಲ್ಲಿ ಆಳಲಿ ಎಂದು ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದ ಪತ್ರದಲ್ಲಿದೆ, 3ನೇ ಅಧ್ಯಾಯದ 15ನೇ ವಚನ. ಅದಕ್ಕೆ ಎರಡು ವಚನ ಹಿಂದೆ ಏನಿದೆ ನೋಡಿ: ಒಬ್ಬರ ಮೇಲೊಬ್ಬರಿಗೆ ದೂರು ಇದ್ದರೆ ಸಹಿಸಿಕೊಳ್ಳಿ, ಕ್ಷಮಿಸಿ. ‘ಸಮಾಧಾನ ಆಳಲಿ’ ಎಂದ ಉಸಿರಿನಲ್ಲೇ ‘ಅದಕ್ಕಾಗಿಯೇ ನೀವು ಒಂದೇ ದೇಹವಾಗಿ ಕರೆಯಲ್ಪಟ್ಟಿರಿ’ ಎಂಬ ಮಾತೂ ಬರುತ್ತದೆ. ಅಂದರೆ ಇದು ಯಾವ ಕೆಲಸಕ್ಕೆ ಸೇರಲಿ, ಯಾವ ಊರಿಗೆ ಹೋಗಲಿ ಎಂದು ಒಬ್ಬಂಟಿಯಾಗಿ ಕೇಳಿಕೊಳ್ಳುವವರಿಗೆ ಹೇಳಿದ ಮಾತಲ್ಲ. ಮುನಿಸಿಕೊಂಡವರು, ಬಾಕಿ ಉಳಿಸಿಕೊಂಡವರು, ಮಾತು ಬಿಟ್ಟವರು ಒಂದೇ ಸೂರಿನಡಿ ಬದುಕುವುದು ಹೇಗೆಂದು ಹೇಳುವ ಜಾಗ ಅದು. ನಿಮ್ಮ ಅಣ್ಣನ ವಿಷಯವೇ ಅಲ್ಲಿದೆ. ಅವನನ್ನು ದೂರವಿಡಲು ಅದೇ ವಚನವನ್ನು ಬಳಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇನ್ನು ‘ಆಳಲಿ’ ಎಂಬ ಪದ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಕ್ರಿಯಾಪದ ಆಟದ ಬಯಲಿನಿಂದ ಬಂದದ್ದು. ಸ್ಪರ್ಧೆಯಲ್ಲಿ ನಿಂತು ಗೆದ್ದವರು ಯಾರೆಂದು ತೀರ್ಪು ಕೊಡುವವನ ಕೆಲಸವನ್ನು ಅದು ಹೇಳುತ್ತಿತ್ತು. ನಾವಾದರೆ ಅಂಪೈರ್ ಎನ್ನುತ್ತೇವೆ. ಅಂಪೈರ್ ಬೇಕಾಗುವುದು ಯಾವಾಗ? ಎರಡೂ ಕಡೆಯವರು ಕೈಯೆತ್ತಿ ಕೂಗುವಾಗ. ನಿಮ್ಮೊಳಗೆ ‘ಅವನು ನನಗೆ ಮೋಸ ಮಾಡಿದ’ ಎಂದು ಒಂದು ದನಿ, ‘ಆದರೂ ಅವನು ನನ್ನ ಅಣ್ಣ’ ಎಂದು ಇನ್ನೊಂದು ದನಿ. ಎರಡೂ ಸುಳ್ಳಲ್ಲ. ಈ ಗದ್ದಲದ ನಡುವೆಯೇ ತೀರ್ಪುಗಾರ ನಿಂತಿರುತ್ತಾನೆ. ಗದ್ದಲ ಕೇಳಿಸಿತೆಂದು ಅವನು ಅಲ್ಲಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಎದೆಬಡಿತ ಬಹುಮಟ್ಟಿಗೆ ಹೇಳುತ್ತಿರುವುದು ಇಷ್ಟನ್ನೇ: ಹಿಂದೊಮ್ಮೆ ನಾಲ್ಕು ಜನರ ಮುಂದೆ ನೋವಾಗಿತ್ತು, ಮತ್ತೆ ಆದೀತು. ಅದು ನೆನಪು. ಅದನ್ನು ದೇವವಾಣಿ ಮಾಡಿ ಕೂರಿಸಬೇಡಿ. (ಬೇರೆ ಹೊತ್ತಿನಲ್ಲೂ, ಕಾರಣವಿಲ್ಲದೆ ಎದೆ ಹೀಗೆ ಹೊಡೆದುಕೊಳ್ಳುತ್ತಿದ್ದರೆ, ನಿದ್ದೆ ಕೆಡುತ್ತಲೇ ಇದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ಅದರಲ್ಲಿ ಅವಿಶ್ವಾಸವೇನೂ ಇಲ್ಲ.)

ಮೊಬೈಲ್ ಕೆಳಗಿಟ್ಟ ಕೂಡಲೇ ಬರುವ ಆ ಹಗುರವನ್ನು ನಾನು ನಂಬುವುದಿಲ್ಲ. ಹಲ್ಲು ಕೀಳಿಸಲು ಹೋದವರು, ವೈದ್ಯರು ಇಂದು ಬಂದಿಲ್ಲ ಎಂದು ತಿಳಿದರೆ ಇಂಥದೇ ಹಗುರ ಅನುಭವಿಸುತ್ತಾರೆ. ಪ್ರವಾದಿ ಯೋನನ ಕಥೆ ನಿಮಗೆ ಗೊತ್ತು. ದೇವರು ನಿನೆವೆ ಪಟ್ಟಣಕ್ಕೆ ಹೋಗೆಂದರೆ ತಪ್ಪಿಸಿಕೊಂಡು ತಾರ್ಷೀಷಿಗೆ ಹೊರಟ, ಪ್ರಯಾಣದ ದುಡ್ಡನ್ನೂ ತಾನೇ ತೆತ್ತ. ಮೇಲೆ ಬಿರುಗಾಳಿ, ನಾವಿಕರು ಗಾಬರಿಯಿಂದ ಸರಕನ್ನು ಸಮುದ್ರಕ್ಕೆ ಎಸೆಯುತ್ತಿದ್ದಾರೆ, ಇವನು ಹಡಗಿನ ಒಳಭಾಗದಲ್ಲಿ ಗಾಢ ನಿದ್ದೆಯಲ್ಲಿದ್ದಾನೆ. ಆ ಕ್ಷಣದಲ್ಲಿ ಯಾರಾದರೂ ಕೇಳಿದ್ದರೆ ‘ನನಗೆ ಪೂರ್ಣ ಸಮಾಧಾನವಿದೆ’ ಎಂದೇ ಹೇಳುತ್ತಿದ್ದನೇನೋ. ಇತ್ತ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವಿಗೆ ಸಾಯುವಷ್ಟು ದುಃಖ. ಮೂರು ಬಾರಿ ಪ್ರಾರ್ಥಿಸಿದರೂ ಆ ಸಂಕಟದ ಪಾತ್ರೆ ತೊಲಗಲಿಲ್ಲ. ಈ ಇಬ್ಬರಲ್ಲಿ ದೇವರ ಚಿತ್ತದೊಳಗೆ ಇದ್ದವರು ಯಾರೆಂದು ನಿಮಗೆ ಹೇಳಬೇಕಿಲ್ಲ.

ನನ್ನದೂ ಒಂದು ತಪ್ಪೊಪ್ಪಿಗೆ ಇರಲಿ. ಹಳೆಯ ಗೆಳತಿಯೊಬ್ಬಳೊಂದಿಗೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ಕೇಳಿದವರಿಗೆಲ್ಲ ‘ದೇವರು ನನಗೆ ಸಮಾಧಾನ ಕೊಟ್ಟಿದ್ದಾನೆ’ ಎಂದು ಹೇಳುತ್ತಿದ್ದೆ. ಅವಳ ಹೆಸರು ಕಿವಿಗೆ ಬಿದ್ದಾಗ ಕೈಯಲ್ಲಿದ್ದ ಲೋಟವನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲೆ ಇಡುತ್ತಿದ್ದೆ. ಸದ್ದು ನನಗೊಬ್ಬಳಿಗೆ ಕೇಳಿಸುತ್ತಿರಲಿಲ್ಲ.

ಹಾಗೆಂದು ಒಳಗಿನ ಕಳವಳಕ್ಕೆ ಬೆಲೆಯೇ ಇಲ್ಲವೇ? ಇದೆ. ಸುವಾರ್ತೆ ಸಾರಲು ತ್ರೋವ ಪಟ್ಟಣದಲ್ಲಿ ಬಾಗಿಲು ತೆರೆದಿದ್ದರೂ ಆತ್ಮದಲ್ಲಿ ಸಮಾಧಾನವಿಲ್ಲದೆ ಅಲ್ಲಿಂದ ಹೊರಟೆನೆಂದು ಪೌಲನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುತ್ತಾನೆ. ನಿಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೆ ಅವನಿಗೆ ಸಮಾಧಾನವಿಲ್ಲದ್ದೇಕೆ? ಜೊತೆ ಸೇವಕನಾದ ತೀತನು ಸಿಗಲಿಲ್ಲವೆಂದು. ಕೊರಿಂಥದ ಸಭೆಯೊಂದಿಗೆ ಪೌಲನ ಸಂಬಂಧ ಆಗ ಬಿಗಡಾಯಿಸಿತ್ತು. ಅವನು ಕಠಿಣವಾದ ಪತ್ರವೊಂದನ್ನು ಬರೆದಿದ್ದ, ಅವರು ಅದನ್ನು ಹೇಗೆ ತೆಗೆದುಕೊಂಡರೆಂಬ ಸುದ್ದಿಯನ್ನು ತೀತನು ತರಬೇಕಿತ್ತು. ಮುರಿದ ಸಂಬಂಧದ ಚಿಂತೆಯೇ ಅವನನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ಅಲ್ಲಿಂದ ಮಕೆದೋನ್ಯ ಪ್ರಾಂತಕ್ಕೆ ಬಂದ ಮೇಲೂ ಹೊರಗೆ ಜಗಳ, ಒಳಗೆ ಭಯ ಎಂದೇ ಅವನು ಬರೆದಿದ್ದಾನೆ. ಸರಿಯಾದ ಹೆಜ್ಜೆ ಇಟ್ಟೊಡನೆ ಭಯ ಮಾಯವಾಗಲಿಲ್ಲ. ತೀತನ ಮುಖ ಕಂಡ ಮೇಲಷ್ಟೇ ಸಾಂತ್ವನ.

ಆದ್ದರಿಂದ ಕಳವಳ ಇದೆಯೋ ಇಲ್ಲವೋ ಎಂದು ಲೆಕ್ಕ ಹಾಕುವುದನ್ನು ಬಿಡಿ. ಅದು ನಿಮ್ಮನ್ನು ಯಾವ ದಿಕ್ಕಿಗೆ ತಳ್ಳುತ್ತಿದೆ ಎಂದು ನೋಡಿ. ನಿಮ್ಮ ಪತ್ರದಲ್ಲಿ ಎರಡು ಕಳವಳಗಳಿವೆ. ಸಂಜೆ ಬರುವುದು ‘ಬರೆಯಬೇಡ’ ಎನ್ನುತ್ತದೆ. ನಸುಕಿನಲ್ಲಿ ಎಬ್ಬಿಸುವುದು ಅಣ್ಣನನ್ನು ನೆನಪಿಸುತ್ತದೆ. ಮೊದಲನೆಯದನ್ನು ಮಾತ್ರ ದೇವರ ಲೆಕ್ಕಕ್ಕೆ ಬರೆದಿದ್ದೀರಿ. ಮುಂದೆ ಜೆಸ್ವಿಟ್ ಎಂಬ ಸನ್ಯಾಸಿ ಸಂಘವನ್ನು ಕಟ್ಟಿದ ಲೊಯೋಲದ ಇಗ್ನೇಷಿಯಸ್ 1521ರ ಯುದ್ಧದಲ್ಲಿ ಕಾಲಿಗೆ ಫಿರಂಗಿ ಗುಂಡು ಬಡಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ಗಮನಿಸಿದ ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಲೋಕದ ಕೀರ್ತಿಯ ಕನಸು, ದೇವರ ಸೇವೆಯ ಕನಸು, ಎರಡೂ ಕಾಣುವಾಗ ಅವನಿಗೆ ಸಿಹಿಯೇ. ಮುಗಿದ ಮೇಲೆ ಒಂದು ಮನಸ್ಸನ್ನು ಬರಡಾಗಿಸುತ್ತಿತ್ತು, ಇನ್ನೊಂದರ ಸಂತೋಷ ಉಳಿಯುತ್ತಿತ್ತು. ಅವನು ತೂಗಿದ್ದು ಆ ಉಳಿಕೆಯನ್ನು. ನಿಮ್ಮ ಹಗುರ ನಸುಕಿನವರೆಗೂ ಬಾಳುತ್ತಿಲ್ಲ.

ಅಣ್ಣನಿಗೆ ಉತ್ತರ ಬರೆಯಿರಿ ಎಂಬುದು ನನ್ನ ಅಭಿಪ್ರಾಯ. ಆದರೆ ಕ್ಷಮಿಸುವುದೆಂದರೆ ಮತ್ತೆ ಸಾಲ ಕೊಡುವುದಲ್ಲ, ಆ ದಿನದ ಮಾತು ಸರಿಯಾಗಿತ್ತೆಂದು ಒಪ್ಪುವುದೂ ಅಲ್ಲ. ನೋವಾಯಿತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ. ಹಣದ ಮಾತು ಮೊದಲ ಭೇಟಿಗೆ ಬೇಡ. ಎರಡನೆಯದಕ್ಕೆ ತಪ್ಪಿಸಬೇಡಿ, ನುಂಗಿಕೊಂಡ ಬಾಕಿ ಆಮೇಲೆ ವಿಷವಾಗುತ್ತದೆ. ನೀವು ಬರೆಯದೆ ಬಿಟ್ಟ ವಿಷಯವೇನಾದರೂ ಇದ್ದರೆ, ಅವನಿಂದ ಹೊಡೆತ, ಬೆದರಿಕೆ ಇದ್ದರೆ, ನನ್ನ ಉತ್ತರವೇ ಬೇರೆ: ಒಬ್ಬರೇ ಹೋಗಬೇಡಿ, ಹೋಗದಿದ್ದರೂ ಪಾಪವಲ್ಲ. ರೋಮಾಪುರದವರಿಗೆ ಬರೆಯುವಾಗ ಪೌಲನು ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದಿದ್ದಾನೆ. ಆ ‘ಮಟ್ಟಿಗೆ’ ಎಂಬುದನ್ನು ಭದ್ರವಾಗಿ ಹಿಡಿದುಕೊಳ್ಳಿ. ಅಣ್ಣನ ಪಾಲಿನದು ನಿಮ್ಮ ಕೈಯಲ್ಲಿಲ್ಲ.

ಬರೆಯುವಾಗ ಕೈ ನಡುಗಿದರೆ ನಡುಗಲಿ. ‘ಅಣ್ಣಾ, ಹೇಗಿದ್ದೀಯ?’ ಎಂಬುದೇ ಸಾಕು, ಅದಕ್ಕಿಂತ ಉದ್ದದ್ದೇನೂ ಬೇಡ. ಸಂಜೆಯ ಬದಲು ನಸುಕಿನಲ್ಲಿ, ಎಚ್ಚರವಾದ ಹೊತ್ತಿಗೇ ಕಳುಹಿಸಿ. ಅವನು ಏನೆಂದನೆಂದು ನನಗೂ ಒಂದು ಸಾಲು ತಿಳಿಸಿ.