ಸೈನೈಡ್ ಗುಡ್ಡಕ್ಕೆ ಹೊಸ ನಿಯಮ ಅನ್ವಯಿಸುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಕೆಜಿಎಫ್‌ನ ಸೈನೈಡ್ ಗುಡ್ಡದ, ಅಂದರೆ ಚಿನ್ನದ ಗಣಿಯ ಅದಿರನ್ನು ಅರೆದು ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿಯ, ಹತ್ತಿರವೇ ಇದೆ. ಗಾಳಿ ಬೀಸಿದರೆ ನೀರಿನ ಕೊಡ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಬೂದು ಪುಡಿ. ಕಲುಷಿತ ಜಾಗಗಳ ಶುದ್ಧೀಕರಣಕ್ಕೆ ಕೇಂದ್ರ ಸರ್ಕಾರ ಹೊಸ ನಿಯಮ ತಂದಿದೆಯಂತೆ. ನಮ್ಮ ಗುಡ್ಡ ಅದರೊಳಗೆ ಬರುತ್ತದೆಯೇ?
– ಓದುಗಿಯೊಬ್ಬರು, ರಾಬರ್ಟ್‌ಸನ್‌ಪೇಟೆ

ಉತ್ತರ: ನೇರವಾಗಿ ಬರುವುದಿಲ್ಲ ತಾಯಿ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತಿದೆ.

2025ರ ಜುಲೈನಲ್ಲಿ ಹೊರಟ ಆ ನಿಯಮ ತುಂಬಾ ಹಿಂದೆಯೇ ಬರಬೇಕಿತ್ತು. ಶಂಕಿತ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಬೇಕು, ಹೊಲಸು ಮಾಡಿದವರೇ ಖರ್ಚು ಹೊರಬೇಕು. ದೇಶದಲ್ಲಿ ಗುರುತಾಗಿದ್ದ 103 ಜಾಗಗಳ ಪೈಕಿ ಆ ಹೊತ್ತಿಗೆ ಶುದ್ಧೀಕರಣ ಶುರುವಾಗಿದ್ದುದು 7ರಲ್ಲಿ ಮಾತ್ರ. ಆದರೆ ಗಣಿಗಾರಿಕೆಯ ಮಾಲಿನ್ಯಕ್ಕೆ ಬೇರೆ ಕಾನೂನು ಇದೆ ಎಂದು ಅದನ್ನು ಹೊರಗಿಟ್ಟಿದ್ದಾರೆ. 2001ರಲ್ಲಿ ಗಣಿಗೆ ಬೀಗ ಬಿತ್ತು, ಪುಡಿ ಮಾತ್ರ ಇನ್ನೂ ನಿಮ್ಮ ಕೊಡಕ್ಕೆ ಬೀಳುತ್ತಿದೆ. ಅದನ್ನು ಹೊರಗಿಡುವುದು ಯಾವ ನ್ಯಾಯ?

ಗುಡ್ಡದ ಹೆಸರಿನಲ್ಲಿರುವ ಸೈನೈಡ್ ಬಿಸಿಲು ಗಾಳಿಗೆ ಬಹುಪಾಲು ಒಡೆದುಹೋಗುತ್ತದೆ. ಹಿಟ್ಟಿನಂತೆ ಅರೆದ ಕಲ್ಲಿನ ಸಿಲಿಕಾ, ಅದಿರಿನೊಳಗಿದ್ದ ಭಾರಲೋಹಗಳು ಹಾಗೆಯೇ ಉಳಿಯುತ್ತವೆ. ನನ್ನ ಹೆದರಿಕೆ ಇವುಗಳದ್ದು. ಸಿಲಿಕಾ ಶ್ವಾಸಕೋಶದಲ್ಲಿ ಒಮ್ಮೆ ಕೂತರೆ ಏಳುವುದಿಲ್ಲ. ಹಳೆಯ ಗಣಿ ಕಾರ್ಮಿಕರ ಮನೆಗಳಲ್ಲಿ ಆ ಕೆಮ್ಮಿನ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ.

ಸುಮಾರು ಸಾವಿರ ಎಕರೆಯಲ್ಲಿರುವ ಇಂಥ 13 ಗುಡ್ಡಗಳನ್ನು ಅಗೆದು ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಅಹವಾಲು ಸಭೆ ಕರೆದರೆ ತಪ್ಪದೆ ಹೋಗಿ. ಎರಡನೆಯ ಸಲ ಅರೆದ ಪುಡಿಯನ್ನು ಎಲ್ಲಿ ಸುರಿಯುತ್ತೀರಿ, ಅದರ ಮೇಲೆ ಹುಲ್ಲು ಹಬ್ಬುವವರೆಗೆ ದೂಳನ್ನು ಹೇಗೆ ತಡೆಯುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಅದಕ್ಕೂ ಮೊದಲು ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಡಿ. ನೀರಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಏನು ಬೇಕೆಂದು ಹೇಳದಿದ್ದರೆ ಗಡಸುತನ, ಫ್ಲೋರೈಡ್ ನೋಡಿ ಚೀಟಿ ಕೊಟ್ಟುಬಿಡುತ್ತಾರೆ. ಆರ್ಸೆನಿಕ್, ಸೈನೈಡ್ ಎಂದು ಅರ್ಜಿಯಲ್ಲೇ ಬರೆಯಿರಿ. ಲೀಟರಿಗೆ ಆರ್ಸೆನಿಕ್ 0.01, ಸೈನೈಡ್ 0.05 ಮಿಲಿಗ್ರಾಂ ಮೀರಬಾರದು. ಬೇಸಿಗೆಯಲ್ಲೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ಮಾಡಿಸಿ. ಚೀಟಿ ಬಂದಾಗ ಅದರ ಪ್ರತಿಯನ್ನು ನನಗೂ ಕಳಿಸಿ, ಜೊತೆಯಲ್ಲೇ ಓದೋಣ.