ಕಲಬುರಗಿ ಕಡೆಯ ಬಾಟಲಿ ನೀರಿನಿಂದ ಪರಿಸರಕ್ಕೂ ಜನರಿಗೂ ಆಗುವ ನಷ್ಟವೇನು?

ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದಾಗ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಬಾಟಲಿ ಕೊಳ್ಳುವವರನ್ನು ದೂರುವುದು ನ್ಯಾಯವಲ್ಲ. ಪ್ರಶ್ನಿಸಬೇಕಾದದ್ದು ಆ ನೀರು ಬಂದ ಬಗೆಯನ್ನು.

ಈ ಭಾಗದ ಬಹುಪಾಲು ನೆಲ ಕಪ್ಪುಶಿಲೆಯದು (ಬಸಾಲ್ಟ್). ಅದರ ಬಿರುಕುಗಳಲ್ಲೂ ಶಿಥಿಲಗೊಂಡ ಪದರಗಳಲ್ಲೂ ನಿಲ್ಲುವ ಅಂತರ್ಜಲವನ್ನು ಬಾಟಲಿ ನೀರಿನ ಘಟಕವೊಂದು ಕೊಳವೆಬಾವಿಯಿಂದ ಎತ್ತಿದರೆ, ಪಕ್ಕದ ಹೊಲದ ಬಾವಿಯೂ ಬತ್ತಬಹುದು, ಏಕೆಂದರೆ ಜಮೀನಿನ ಗಡಿಯನ್ನು ನೀರು ಅರಿಯದು. ಆರ್‌ಒ ಯಂತ್ರವು ಎತ್ತಿದ ನೀರಿನಲ್ಲಿ ಒಂದು ಪಾಲನ್ನು ಶುದ್ಧಗೊಳಿಸಿ, ಲವಣ ಸಾಂದ್ರವಾದ ಉಳಿದ ಪಾಲನ್ನು ಹೊರಹಾಕುತ್ತದೆ; ಅದು ಸಾಮಾನ್ಯವಾಗಿ ಚರಂಡಿಯ ಪಾಲು.

ಬಾಟಲಿಯ ಪೆಟ್ ಪ್ಲಾಸ್ಟಿಕ್ ಪೆಟ್ರೋಲಿಯಂ ಮೂಲದ್ದು. 2024ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿನ ಬಾಟಲಿ ನೀರಿನ ಪ್ರತಿ ಲೀಟರಿನಲ್ಲಿ ಸರಾಸರಿ ಸುಮಾರು 2.4 ಲಕ್ಷ ಪ್ಲಾಸ್ಟಿಕ್ ಕಣಗಳನ್ನು ಕಂಡಿತು. ಅವು ದೇಹಕ್ಕೆ ಎಷ್ಟು ಹಾನಿಕರವೆಂಬುದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ನನ್ನ ದೃಷ್ಟಿಯಲ್ಲಿ ನೈತಿಕ ನಷ್ಟವೇ ದೊಡ್ಡದು. ಯಾದಗಿರಿ ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಹಲ್ಲು, ಮೂಳೆಗಳನ್ನು ಕೆಡಿಸುವಷ್ಟು ಹೆಚ್ಚಿನ ಫ್ಲೋರೈಡ್ ಇದೆ. ಅಲ್ಲಿ ಶುದ್ಧ ನೀರು ಅನಿವಾರ್ಯ, ಆದರೆ ಉಳ್ಳವರು ಕ್ಯಾನ್ ತರಿಸಿಕೊಂಡಷ್ಟೂ ಸಾರ್ವಜನಿಕ ನಲ್ಲಿಯ ಪರವಾಗಿ ಕೇಳುವ ದನಿ ಕುಗ್ಗುತ್ತದೆ. ಇದಕ್ಕೆ ಎದುರಾಗಿ, ಬೀದರಿನ ನೌಬಾದಿನಲ್ಲಿರುವ ಬಹಮನಿ ಕಾಲದ ಸುರಂಗ ಕಾಲುವೆ ಜನವಸತಿಗೆ ನೀರುಣಿಸಲೆಂದು ತೋಡಿದ್ದು.