ಮಲೆನಾಡಿನ ಕಾಲಿಗೆ ಶೂ: ಎಷ್ಟು ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬೇಕು?

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ಮನೆ. ಕೆಲಸಕ್ಕೆ ನಡೆದೇ ಹೋಗಿ ಬರುತ್ತೇನೆ, ದಿನಕ್ಕೆ ನಾಲ್ಕು ಕಿ.ಮೀ. ಆಗುತ್ತದೆ. ತಿಂಗಳಿಗೊಂದು ಭಾನುವಾರ ಕೊಡಚಾದ್ರಿ, ಕವಲೇದುರ್ಗ, ಕುಂದಾದ್ರಿ ಎಂದು ಗೆಳೆಯರ ಜೊತೆ ಹತ್ತುವುದುಂಟು. ಹೋದ ವರ್ಷ ಕೊಂಡ 900 ರೂಪಾಯಿ ಶೂ ಆರು ತಿಂಗಳಿಗೇ ಬಾಯಿಬಿಟ್ಟಿತು. ಈಗ ಅಂಗಡಿಯವರು 8,000 ರೂಪಾಯಿಯ ವಾಟರ್‌ಪ್ರೂಫ್ ಶೂ ತೋರಿಸಿ, "ಒಂದೇ ಸಲ ಹಾಕಿಬಿಡಿ ಸಾರ್, ಐದು ವರ್ಷ ತಿರುಗಿ ನೋಡಂಗಿಲ್ಲ" ಅಂತಾರೆ. ಎಷ್ಟು ಹಾಕುವುದು ಸರಿ?

ಉತ್ತರ: 8,000ದ ಶೂ ಬೇಡ. 2,000ದಿಂದ 2,600 ರೂಪಾಯಿ ಒಳಗಿನ ಎರಡು ಜೊತೆ ತಗೊಳ್ಳಿ. ಒಟ್ಟು ಐದು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ, ಕಾಲಿಗೂ ಹೆಚ್ಚು ಸುಖ.

ಐದು ವರ್ಷದ ಮಾತು ಯಾಕೆ ನಿಲ್ಲುವುದಿಲ್ಲ ಎಂದರೆ, ನಡೆಯುವಾಗ ಮೆತ್ತಗೆ ಅನ್ನಿಸುವುದು ಚರ್ಮವೂ ಅಲ್ಲ, ಕಂಪನಿಯ ಹೆಸರೂ ಅಲ್ಲ. ಪಾದ ಮತ್ತು ತಳದ ರಬ್ಬರಿನ ನಡುವೆ ಇರುವ ಇವಿಎ ಫೋಮಿನ ಪದರ ಅದು. ಅದರೊಳಗಿನ ಸಣ್ಣ ಗಾಳಿಗುಳ್ಳೆಗಳು ಪ್ರತಿ ಹೆಜ್ಜೆಗೂ ಒತ್ತಿಕೊಂಡು ಮತ್ತೆ ಉಬ್ಬುತ್ತವೆ. ಲಕ್ಷಗಟ್ಟಲೆ ಸಲ ಒತ್ತಿದ ಮೇಲೆ ಉಬ್ಬುವುದನ್ನು ಬಿಡುತ್ತವೆ. ಓಟದ ಶೂಗಳಿಗೆ 500ರಿಂದ 800 ಕಿ.ಮೀ. ಎಂಬ ಲೆಕ್ಕ ಇದೆ. ಬರೀ ನಡಿಗೆಗೆ ಇನ್ನಷ್ಟು ಬರುತ್ತದೆ. ನಿಮ್ಮದು ದಿನಕ್ಕೆ ನಾಲ್ಕು, ತಿಂಗಳಿಗೆ 25 ದಿನ. ಹತ್ತು ತಿಂಗಳಿಗೆ ಸಾವಿರ ಕಿ.ಮೀ., ಐದು ವರ್ಷಕ್ಕೆ ಆರು ಸಾವಿರ. ಫೋಮು ಸವೆಯುವುದು ಕಿಲೋಮೀಟರಿನ ಲೆಕ್ಕದಲ್ಲಿ. ಎಂಟು ಸಾವಿರದ್ದರಲ್ಲೂ ಮೇಲಿನ ಬಟ್ಟೆ ಹೊಸದರ ಹಾಗೇ ಕಾಣುತ್ತಿರುವಾಗ ಒಳಗಿನ ಮೆತ್ತೆ ಸತ್ತಿರುತ್ತದೆ, ನೀವು "ಇನ್ನೂ ಚೆನ್ನಾಗಿದೆಯಲ್ಲ" ಎಂದು ಹಾಕಿಕೊಂಡೇ ಇರುತ್ತೀರಿ, ಮೊಣಕಾಲು ನೋಯುತ್ತದೆ.

ದಿನದ ಲೆಕ್ಕ ಹಾಕಿ ನೋಡಿ. ನಿಮ್ಮ 900ರ ಶೂ 150 ದಿನ ಬಂದಿದ್ದರೆ ದಿನಕ್ಕೆ ಆರು ರೂಪಾಯಿ ಬಿತ್ತು. 2,400ರದ್ದು 400 ದಿನ ಬಂದರೂ ಅದೇ ಆರು ರೂಪಾಯಿ, ಆದರೆ ನಾನೂರು ದಿನ ಕಾಲು ಸುಖವಾಗಿರುತ್ತದೆ. 8,000ದ್ದು ಅದೇ ದರಕ್ಕೆ ಇಳಿಯಬೇಕಾದರೆ 1,300 ದಿನಕ್ಕೂ ಮೇಲೆ ಬಾಳಬೇಕು. ಬಾಳುವುದಿಲ್ಲ. 1,000ಕ್ಕಿಂತ ಕೆಳಗೆ ಸಾಮಾನ್ಯವಾಗಿ ಕೈಕೊಡುವುದು ಅಂಟು ಮತ್ತು ತಳ. 2,000 ದಾಟಿದ ಮೇಲೆ ಅವೆರಡೂ ಸುಮಾರಾಗಿ ಸರಿಯಿರುತ್ತವೆ. 4,000 ದಾಟಿದ ಮೇಲೆ ಕೊಡುವುದರಲ್ಲಿ ಬಹುಪಾಲು ಹೆಸರಿಗೆ, ತೂಕ ಇಳಿಸಿದ್ದಕ್ಕೆ ಮತ್ತು ವಾಟರ್‌ಪ್ರೂಫ್ ಪೊರೆಗೆ.

ಆ ಪೊರೆಯ ವಿಷಯ. ಹೊರಗಿನ ನೀರನ್ನು ತಡೆದು ಒಳಗಿನ ಬೆವರಿನ ಆವಿಯನ್ನು ಹೊರಗೆ ಬಿಡುವುದು ಅದರ ಕೆಲಸ. ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಣಗಿರಬೇಕು ಅಥವಾ ತಣ್ಣಗಿರಬೇಕು. ಹಿಮಾಲಯದಲ್ಲಿ ಸರಿ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ಕಡೆಗೆ ಜುಲೈಯಲ್ಲಿ ಹೋದರೆ ಗೋಡೆಯೇ ಬೆವರುತ್ತಿರುತ್ತದೆ, ಶೂವಿನ ಬೆವರು ಎಲ್ಲಿಗೆ ಹೋಗಬೇಕು? ಮೇಲಾಗಿ ನಮ್ಮ ಮಳೆ ಪ್ಯಾಂಟಿನ ಗುಂಟ ಇಳಿದು ಕಣಕಾಲಿನಿಂದಲೇ ಒಳಗೆ ಹೋಗುತ್ತದೆ. ಒಮ್ಮೆ ಹೋದ ನೀರನ್ನು ಅದೇ ಪೊರೆ ಒಳಗೇ ಹಿಡಿದಿಡುತ್ತದೆ, ಎರಡು ದಿನ ಒಣಗುವುದಿಲ್ಲ. ಇಲ್ಲಿಗೆ ಬೇಕಾದ್ದು ಬೇಗ ನೀರು ಬಿಟ್ಟು ಬೇಗ ಒಣಗುವ ಜಾಳಿಗೆ ಬಟ್ಟೆಯ ಶೂ.

ಎರಡು ಜೊತೆ ಎಂದದ್ದೂ ಅದಕ್ಕೇ. ಒಂದನ್ನು ಹಾಕಿದಾಗ ಇನ್ನೊಂದು ಪೂರ್ತಿ ಒಂದು ದಿನ ಒಣಗಲಿ, ಫೋಮೂ ಸುಧಾರಿಸಿಕೊಳ್ಳಲಿ. ನೆನೆದ ಶೂವನ್ನೇ ಮರುದಿನ ಮತ್ತೆ ಹಾಕಿದರೆ ಅಂಟು ಬಿಡುತ್ತದೆ, ಬೆರಳ ಸಂದಿಗೆ ಕೆಸರುಹುಣ್ಣು ಬರುತ್ತದೆ. ನಿಮ್ಮ 900ರದ್ದು ಬಾಯಿಬಿಟ್ಟದ್ದಕ್ಕೆ ಅರ್ಧ ಕಾರಣ ಇದೇ ಇರಬಹುದು. ಒಣಗಿಸಲು ಬಚ್ಚಲೊಲೆಯ ಬಾಯಿಗೋ ಬಿಸಿ ಹಂಡೆಯ ಮೇಲೋ ಇಡಬೇಡಿ. ಆ ಕಾವಿಗೆ ಅಂಟು ಮೆತ್ತಗಾಗಿ ತಳ ಏಳುತ್ತದೆ, ಫೋಮು ಕುಗ್ಗುತ್ತದೆ. ಒಳಮೆತ್ತೆ ತೆಗೆದು ಬೇರೆ ಇಡಿ, ಹಳೆ ಪೇಪರ್ ಮುದ್ದೆ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಗಾಳಿಗೆ ಬಿಡಿ. ಬೆಳಗಾಗುವುದರೊಳಗೆ ಒಣಗುತ್ತದೆ.

ಆ ಎರಡರಲ್ಲಿ ಒಂದು ಮಾಮೂಲಿ ವಾಕಿಂಗ್ ಶೂ, ಇನ್ನೊಂದು ಹತ್ತುವುದಕ್ಕೂ ಆಗುವಂಥದ್ದು ಇರಲಿ. ಎರಡನೆಯದಕ್ಕೆ ತಳದ ಹಲ್ಲು 3ರಿಂದ 5 ಮಿ.ಮೀ. ಆಳ ಸಾಕು. ಆಳ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಕೆಸರಿನ ಮಟ್ಟಿಗೆ ನಿಜ. ಕವಲೇದುರ್ಗದ ಹಾಸುಗಲ್ಲಿನ ಮೇಲೆ ಅದು ತಿರುಗುಬಾಣ: ದೊಡ್ಡ ಹಲ್ಲಿನ ತುದಿ ಮಾತ್ರ ಕಲ್ಲಿಗೆ ತಾಗುತ್ತದೆ, ಒದ್ದೆ ಕಲ್ಲಿನ ಮೇಲೆ ಹಿಡಿತಕ್ಕೆ ಬೇಕಾದ್ದು ತಾಗುವ ಜಾಗ ಮತ್ತು ಮೆತ್ತಗಿನ ರಬ್ಬರು. ತಳಕ್ಕೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಸ್ವಲ್ಪ ತಗ್ಗಿ ಮತ್ತೆ ಮೇಲೆದ್ದರೆ ಒಳ್ಳೆ ರಬ್ಬರು. ಉಗುರೇ ಜಾರಿದರೆ ಗಟ್ಟಿ ಪ್ಲಾಸ್ಟಿಕ್, ಜೂನ್‌ನಲ್ಲಿ ಮನೆಯ ಮೆಟ್ಟಿಲ ಮೇಲೇ ಬೀಳಿಸುತ್ತದೆ. ಜಂಬಿಟ್ಟಿಗೆಯ ಮೇಲೆ ಹಾವಸೆ ಹಸಿರುಗಟ್ಟಿದ್ದರೆ ಮಾತ್ರ ಯಾವ ಬೆಲೆಯ ತಳವೂ ಹಿಡಿಯುವುದಿಲ್ಲ. ಅಲ್ಲಿ ದೊಣ್ಣೆಯೇ ಗತಿ.

ಅಂಗಡಿಗೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ನೀವು ದಿನಾ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಶೂವಿನ ಒಳಮೆತ್ತೆಯನ್ನು ಹೊರಗೆ ಎಳೆದು ಅದರ ಮೇಲೆ ನಿಂತುಕೊಳ್ಳಿ. ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ ಇರಬೇಕು, ಅಂಚಿನಿಂದ ಪಾದ ಹೊರಚಾಚಬಾರದು. ಗುಡ್ಡ ಇಳಿಯುವಾಗ ಉಗುರು ಕಪ್ಪಗಾಗುವುದು ಆ ಒಂದು ಸೆಂ.ಮೀ. ಇಲ್ಲದಿದ್ದಕ್ಕೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನಮ್ಮವರ ಪಾದ ಹೆಚ್ಚು ಅಗಲ ಎಂದಿದೆ. ಆದರೂ ಅಂಗಡಿಯಲ್ಲಿ ಸಿಗುವುದು ಬಹುತೇಕ ಬ್ರಿಟಿಷ್ ಅಳತೆಯವೇ. ಅಗಲ ಸಾಲದಿದ್ದಾಗ ಒಂದು ನಂಬರ್ ಹೆಚ್ಚಿಸಿಕೊಂಡರೆ ಉದ್ದ ಎಂಟೂವರೆ ಮಿ.ಮೀ. ಹೆಚ್ಚಿ ಹಿಮ್ಮಡಿ ಎದ್ದು ಉಜ್ಜುತ್ತದೆ. ಹಾಗಾಗಿ ಬೇರೆ ಮಾದರಿ ನೋಡಿ, ನಂಬರ್ ಹೆಚ್ಚಿಸಬೇಡಿ. ಕೊನೆಗೆ ಶೂವನ್ನು ಕೈಯಲ್ಲಿ ಹಿಡಿದು ಬಗ್ಗಿಸಿ: ಬೆರಳ ಬುಡದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ವಾಪಸ್ ಕೊಡಿ.

2,600 ಎಂದು ಗೆರೆ ಎಳೆದಿದ್ದಕ್ಕೂ ಕಾರಣ ಇದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದರ ಮೇಲೆ ಶೇ. 18. ತೆರಿಗೆ ಸೇರಿ 2,625ರವರೆಗೆ ಕಡಿಮೆ ತೆರಿಗೆಯ ಮಾಲು. ಮೂಲ ಬೆಲೆ 2,500 ದಾಟಿತೋ, ತೆರಿಗೆ ಸೇರಿ ಒಮ್ಮೆಗೇ 2,950ರ ಮೇಲೆ ಹೋಗುತ್ತದೆ. ಗೆರೆ ಸ್ವಲ್ಪವೇ ದಾಟಿದ ಶೂವಿಗೆ ನೀವು ಹೆಚ್ಚು ಕೊಟ್ಟದ್ದು ತೆರಿಗೆಗೆ, ಶೂವಿಗಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದೆ ಮದುವೆಗೆಂದು 3,500 ರೂಪಾಯಿಯ ಶೂ ಕೊಂಡಿದ್ದೆ. ನಾಲ್ಕು ಸಲ ಹಾಕಿ, ಒರೆಸಿ, ಪೆಟ್ಟಿಗೆಯಲ್ಲೇ ಅಟ್ಟದ ಮೇಲೆ ಇಟ್ಟಿದ್ದೆ. ಮೊನ್ನೆ ಹಾಕಿಕೊಂಡು ಹೊರಟರೆ ದಾರಿಯಲ್ಲೇ ಸೋಲ್ ಪುಡಿಪುಡಿಯಾಗಿ ಉದುರಿತು. ಇಲಿ ಕಡಿದಿಲ್ಲ. ಮೋಸದ ಮಾಲೇ? (ಹೊಸನಗರದ ಓದುಗರು)

ಉತ್ತರ: ಮೋಸ ಆಗಿರಬೇಕೆಂದೇನಿಲ್ಲ. ಅದು ಪಾಲಿಯುರೆಥೇನ್, ಅಂಗಡಿಯವರ ಬಾಯಲ್ಲಿ ಪಿಯು ಸೋಲ್. ಹಗುರ, ಮೆತ್ತಗೆ, ನೋಡಲಿಕ್ಕೂ ಚಂದ. ಆದರೆ ಗಾಳಿಯ ತೇವ ಅದರ ಕಣಗಳ ಕೊಂಡಿಯನ್ನು ನಿಧಾನವಾಗಿ ಕತ್ತರಿಸುತ್ತಾ ಹೋಗುತ್ತದೆ. ಹಾಕಿದರೂ ಹಾಕದಿದ್ದರೂ ಇದು ನಡೆಯುತ್ತದೆ. ಪೆಟ್ಟಿಗೆಯಲ್ಲಿ ಗಾಳಿಯಾಡದೆ ಇಟ್ಟದ್ದು ಇನ್ನೂ ಬೇಗ ಹೋಗುತ್ತದೆ. ಬಯಲುಸೀಮೆಯಲ್ಲಿ ನಾಲ್ಕೈದು ವರ್ಷ ಬರುವ ಸೋಲು ಹೊಸನಗರದ ಮಳೆಗಾಲ ಎರಡು ಕಂಡರೆ ಮುಗಿಯಬಹುದು. ಚರ್ಮಕ್ಕೆ ಬೂಷ್ಟು ಹಿಡಿದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದೇ ಇಲ್ಲ.

ಪುಡಿಯಾದ ಪಿಯುಗೆ ಯಾವ ಅಂಟೂ ನಿಲ್ಲದು, ಅಂಟಿಗೆ ದುಡ್ಡು ಹಾಕಬೇಡಿ. ಮೇಲಿನ ಚರ್ಮ ಗಟ್ಟಿಯಿದ್ದರೆ ಶೂ ರಿಪೇರಿಯವರ ಹತ್ತಿರ ಪೂರ್ತಿ ಕೆರೆಸಿ ರಬ್ಬರ್ ಸೋಲ್ ಹಾಕಿಸಿ, ಸುತ್ತ ಹೊಲಿಗೆಯನ್ನೂ ಹಾಕಿಸಿ. ಸುಮಾರು 500ರಿಂದ 900ರೊಳಗೆ ಆಗಬಹುದಾದ ಕೆಲಸ, 3,500ರ ಶೂವಿಗೆ ಅಷ್ಟು ಹಾಕಬಹುದು.

ಮುಂದಿನ ಸಲ ಕೊಳ್ಳುವಾಗ ಪೆಟ್ಟಿಗೆ ಮೇಲೆ ಎಂಆರ್‌ಪಿ ಜೊತೆ ಅಚ್ಚಾಗಿರುವ ತಯಾರಿಕೆಯ ತಿಂಗಳು, ವರ್ಷ ಓದಿ. ಹಬ್ಬದ ರಿಯಾಯಿತಿಯಲ್ಲಿ ಅರ್ಧ ಬೆಲೆಗೆ ಬರುವ ಪಿಯು ಶೂ ಎಷ್ಟೋ ಸಲ ಗೋದಾಮಿನಲ್ಲಿ ಎರಡು ವರ್ಷ ಕೂತ ಮಾಲು. ಅದರ ಆಯಸ್ಸು ನಿಮ್ಮ ಕೈಗೆ ಬರುವ ಮೊದಲೇ ಅರ್ಧ ಕಳೆದಿರುತ್ತದೆ. ಒಂದು ವರ್ಷಕ್ಕಿಂತ ಹಳೆಯದಾದರೆ ಬೇಡ. ಅಪರೂಪಕ್ಕೆ ಹಾಕುವ ಶೂವಿಗೆ ರಬ್ಬರ್ ಸೋಲಿನದೇ ವಾಸಿ.

ಪ್ರಶ್ನೆ: ಅಮ್ಮನಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುತ್ತದೆ ಅಂತಾರೆ. ಮನೆಯೊಳಗೆ ಬರಿಗಾಲು, ಅಂಗಳಕ್ಕೆ ಹವಾಯಿ. ಮುಳ್ಳುಮುಳ್ಳಿನ ಅಕ್ಯುಪ್ರೆಶರ್ ಚಪ್ಪಲಿ ತರಲೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ತರಲೇಬೇಡಿ. ಸಕ್ಕರೆ ಕಾಯಿಲೆ ಹಳೆಯದಾದರೆ ಅಂಗಾಲಿನ ಸ್ಪರ್ಶ ಮಂಕಾಗಿರುತ್ತದೆ. ಆ ಮುಳ್ಳುಗಳು ಗಾಯ ಮಾಡಿದರೂ ಅಮ್ಮನಿಗೆ ಗೊತ್ತಾಗದೇ ಹೋಗಬಹುದು, ಗಾಯ ಬೇಗ ಮಾಗುವುದೂ ಇಲ್ಲ. ಮೊದಲು ವೈದ್ಯರಿಂದ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ.

ಮೊದಲ ಹೆಜ್ಜೆಯ ನೋವು ಸಾಮಾನ್ಯವಾಗಿ ಅಂಗಾಲಿನ ಉದ್ದಕ್ಕೂ ಇರುವ ಪಟ್ಟಿಯಂಥ ನಾರು ಹಿಮ್ಮಡಿಗೆ ಕೂಡುವಲ್ಲಿ ಬರುವಂಥದ್ದು. ಕಾವಿ ನೆಲದ ಮೇಲೆ ದಿನವಿಡೀ ಬರಿಗಾಲಲ್ಲಿ ನಿಲ್ಲುವುದು ಅದಕ್ಕೆ ಎಣ್ಣೆ ಹೊಯ್ದಂತೆ. ಇಲ್ಲಿ ಖರ್ಚು ಮಾಡಬೇಕಾದ್ದು ಎಂಸಿಆರ್ ಚಪ್ಪಲಿಗೆ. ಎಂಸಿಆರ್ ಎಂದರೆ ಸೂಕ್ಷ್ಮ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರು, ಭಾರ ಬಿದ್ದಲ್ಲಿ ಒತ್ತಡವನ್ನು ಪಾದಕ್ಕೆಲ್ಲ ಹಂಚುತ್ತದೆ. ಔಷಧದ ಅಂಗಡಿ, ಕೃತಕ ಅಂಗ ಮತ್ತು ಬೆಲ್ಟ್ ಮಾರುವವರಲ್ಲಿ ಸಿಗುತ್ತದೆ, ಸುಮಾರು 500ರಿಂದ 1,200. ಕೆಳಗೆ ಮುಳ್ಳು ಹಾಯದ ಗಟ್ಟಿ ತಳ, ಹಿಂದೆ ಪಟ್ಟಿ, ಮುಂದೆ ವೆಲ್ಕ್ರೋ ಇರಬೇಕು. ಉಂಗುಷ್ಟ ಅಥವಾ ಬೆರಳ ಸಂದಿಯ ಪಟ್ಟಿ ಬೇಡ. ಸ್ಪರ್ಶ ಇಲ್ಲದ ಕಾಲಿಗೆ ಅಲ್ಲೇ ಹುಣ್ಣಾಗುವುದು. ಎರಡು ಜೊತೆ ತನ್ನಿ, ಒಂದು ಒಳಗೆ, ಒಂದು ಹೊರಗೆ. "ಮನೆಯೊಳಗೆ ಚಪ್ಪಲಿಯೇ" ಎಂದು ಅಮ್ಮ ಗೊಣಗುವುದು ಖಂಡಿತ. ದೇವರ ಕೋಣೆ ಒಂದನ್ನು ಬಿಟ್ಟು ಉಳಿದೆಡೆ ಒಪ್ಪಿಸಿ.

ಪ್ರಶ್ನೆ: ಅಡಿಕೆ ತೋಟಕ್ಕೆ ಗಂಬೂಟ್ ಬೇಕು. 400ಕ್ಕೂ ಇದೆ, 1,500ಕ್ಕೂ ಇದೆ. ಇಂಬಳ (ಜಿಗಣೆ), ಹಾವು ಎರಡರ ಭಯವೂ ಇದೆ. (ಸಾಗರದ ಓದುಗರು)

ಉತ್ತರ: 500ರಿಂದ 800ರ ಪಿವಿಸಿ ಗಂಬೂಟ್ ಸಾಕು. ಮೊಣಕಾಲಿನ ಕೆಳಗಿನವರೆಗೂ ಬರುವ ಎತ್ತರದ್ದು, ಒಳಗೆ ಬಟ್ಟೆ ಅಸ್ತರಿ ಇರುವುದು, ಮಾಮೂಲಿಗಿಂತ ಒಂದು ನಂಬರ್ ದೊಡ್ಡದು. ಇಲ್ಲಿ ದೊಡ್ಡದು ಯಾಕೆಂದರೆ ದಪ್ಪ ಸಾಕ್ಸ್ ಹಾಕಲೇಬೇಕು, ಕಾಲಿಗೆ ಅಂಟಿಕೊಂಡರೆ ಬಿಚ್ಚುವುದೇ ಒಂದು ಕೆಲಸ. ಗಿಡ್ಡ ಬೂಟು ತಂದರೆ ಇಂಬಳ ಅಂಚಿನಿಂದ ಒಳಗೆ ಇಳಿದು ಆರಾಮಾಗಿ ಕೂರುತ್ತದೆ. ಬೂಟಿನ ಮೇಲಂಚಿಗೆ ಸುಣ್ಣವೋ ಹೊಗೆಸೊಪ್ಪಿನ ಪುಡಿಯೋ ಸವರಿ, ಮಳೆಗೆ ತೊಳೆದುಹೋದಾಗ ಮತ್ತೆ ಸವರಿ. ಹಾವು ಕಚ್ಚುವುದು ಹೆಚ್ಚಾಗಿ ಪಾದ, ಕಣಕಾಲಿಗೆ, ಎತ್ತರದ ಬೂಟು ಅಷ್ಟನ್ನು ಮುಚ್ಚುತ್ತದೆ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವಾಗಲೂ ಇದೇ ಬೂಟು. ಅದರಲ್ಲಿರುವ ಮೈಲುತುತ್ತ, ಸುಣ್ಣ ಬಿದ್ದರೆ ಚರ್ಮದ ಶೂ ಬಿರಿಯುತ್ತದೆ. ಪಿವಿಸಿಯನ್ನು ನೀರಲ್ಲಿ ತೊಳೆದರೆ ಮುಗಿಯಿತು. ಆದರೆ ವೀಡ್ ಕಟ್ಟರ್ ಹಿಡಿಯುವವರಿಗೆ ಈ ಬೂಟು ಸಾಲದು. ಬ್ಲೇಡು ಪಿವಿಸಿಯನ್ನು ಬಾಳೆದಿಂಡಿನ ಹಾಗೆ ಸೀಳುತ್ತದೆ. ನಿಮ್ಮ 1,500 ರೂಪಾಯಿ ಅಲ್ಲಿ ಹಾಕಿ: ಬೆರಳಿನ ಮೇಲೆ ಉಕ್ಕಿನ ಟೋಪಿ ಇರುವ ಬೂಟು ಕೊಂಡು, ಮೊಣಕಾಲಿನ ಕೆಳಗೆ ಗಾರ್ಡ್ ಕಟ್ಟಿಸಿ. ಕೆಲಸಕ್ಕೆ ಬರುವವರಿಗೂ ಒಂದು ಜೊತೆ ನೀವೇ ತೆಗೆದುಕೊಡಬೇಕು.

ರಾತ್ರಿ ಬೂಟನ್ನು ನೆಲದಲ್ಲಿ ನೆಟ್ಟ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿಡಿ. ನೀರು ಇಳಿಯುತ್ತದೆ, ಕಪ್ಪೆ, ಚೇಳು ಒಳಗೆ ಸೇರುವುದಿಲ್ಲ. ಬೆಳಿಗ್ಗೆ ಹಾಕುವ ಮೊದಲು ಹೇಗೂ ಒಮ್ಮೆ ಕೊಡವಿ. ಬಿಸಿಲಿಗೆ ಮಾತ್ರ ಒಣಗಿಸಬೇಡಿ, ಪಿವಿಸಿ ಗಟ್ಟಿಯಾಗಿ ಕಣಕಾಲಿನ ಮಡಿಕೆಯಲ್ಲೇ ಸೀಳು ಬಿಡುತ್ತದೆ.